ಪಾತ್ರೆ ತೊಳೀಬೇಕು, ಸರಿ, ಯಾರು?

‘ಪಾತ್ರೆ ತೊಳೀಬೇಕು’, ‘ಬಟ್ಟೆ ಒಣಗಿಸ್ಬೇಕು’. ನಮ್ಮ ಮನೆಗಳಲ್ಲಿ ದಿನಾ ಕೇಳುವ ಮಾತುಗಳಿವು. ಯಾರು ಮಾಡಬೇಕು ಅನ್ನೋದು ಮಾತಿನಲ್ಲಿ ಇರುವುದಿಲ್ಲ, ಆದರೂ ಎಲ್ಲರಿಗೂ ಗೊತ್ತಿರುತ್ತದೆ. ಸ್ಪ್ಯಾನಿಷ್ ಕಲಿಯುವವರಿಗೆ ಈ ‘ಯಾರು’ ಬೇಗನೆ ಎದುರಾಗುತ್ತದೆ. ನಮ್ಮ ಒಂದು ‘ಬೇಕು’ಗೆ ಅಲ್ಲಿ ನಾಲ್ಕು ದಾರಿಗಳಿವೆ.

ಮೊದಲನೆಯದು ‘ತೆನೇರ್ ಕೆ’. ಕನ್ನಡದಲ್ಲಿ ನಾನಾಗಲಿ, ನೀನಾಗಲಿ, ಅವರಾಗಲಿ, ‘ತೊಳೆಯಬೇಕು’ ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಬದಲಾಗುತ್ತದೆ: ‘ತೆಂಗೊ ಕೆ’ ಅಂದರೆ ನಾನು, ‘ತ್ಯೇನೆಸ್ ಕೆ’ ಅಂದರೆ ನೀನು, ‘ತೆನೇಮೊಸ್ ಕೆ’ ಅಂದರೆ ನಾವು. ಇದರ ಮುಂದೆ ಕ್ರಿಯಾಪದದ ಮೂಲರೂಪ ಇಟ್ಟರೆ ಸಾಕು. ‘ತೆಂಗೊ ಕೆ ಬಾರ್ರೇರ್ ಎಲ್ ಸ್ವೇಲೊ’ ಎಂದರೆ ‘ನಾನು ನೆಲ ಗುಡಿಸಬೇಕು’. ‘ನಾನು’ ಅಂತ ಬೇರೆ ಹೇಳಬೇಕಿಲ್ಲ.

ಎರಡನೆಯದು ‘ಆಯ್ ಕೆ’. ಇದರಲ್ಲಿ ಕರ್ತೃವೇ ಇಲ್ಲ. ‘ಆಯ್ ಕೆ ಸಕಾರ್ ಲಾ ಬಸೂರಾ’ ಎಂದರೆ ‘ಕಸ ಹೊರಗೆ ಹಾಕಬೇಕು’, ಅಷ್ಟೇ. ಪೇಪರ್ ಓದುತ್ತಾ ಕೂತವರೂ ಆರಾಮಾಗಿ ಹೇಳಬಹುದಾದ ವಾಕ್ಯ!

ಮೂರನೆಯದು ‘ದೆಬೇರ್’. ಇದು ಕರ್ತವ್ಯದ ‘ಬೇಕು’. ಸ್ಪೇನ್‌ನ ಮಕ್ಕಳು ಹೋಂವರ್ಕನ್ನು ‘ದೆಬೇರೆಸ್’ ಅನ್ನುತ್ತಾರೆ, ಅಂದರೆ ಕರ್ತವ್ಯಗಳು. ನಿಷೇಧದಲ್ಲಿ ಎಚ್ಚರ ಬೇಕು: ‘ನೊ ತ್ಯೇನೆಸ್ ಕೆ’ ಎಂದರೆ ಮಾಡಬೇಕಾಗಿಲ್ಲ, ‘ನೊ ದೇಬೆಸ್’ ಎಂದರೆ ಮಾಡಬಾರದು. ಕನ್ನಡದವರಿಗೆ ಈ ವ್ಯತ್ಯಾಸ ಹೊಸದೇನಲ್ಲ.

ನಾಲ್ಕನೆಯದು ‘ಮೆ ತೋಕಾ’. ‘ಮೆ ತೋಕಾ ಫ್ರೆಗಾರ್ ಲೋಸ್ ಪ್ಲಾತೋಸ್’ ಎಂದರೆ ‘ಪಾತ್ರೆ ತೊಳೆಯುವ ಸರದಿ ನನ್ನದು’. ಸರದಿ ಅನ್ನೋ ಮಾತು ಬಂತು ಅಂದರೆ ಕೆಲಸ ಹಂಚಿಕೆಯಾಗಿದೆ ಎಂದೇ ಅರ್ಥ.

ಈ ಹಂಚಿಕೆ ಸ್ಪೇನ್‌ನಲ್ಲಿ ಕಾನೂನಿಗೂ ಬಂದಿದೆ. 1889ರ ಅಲ್ಲಿನ ಸಿವಿಲ್ ಸಂಹಿತೆಯಲ್ಲಿ ಗಂಡ ಹೆಂಡತಿಯನ್ನು ರಕ್ಷಿಸಬೇಕು, ಹೆಂಡತಿ ಗಂಡನ ಮಾತು ಕೇಳಬೇಕು ಎಂದಿತ್ತು. ಅಲ್ಲಿ ಬಳಸಿದ ಪದ ಇದೇ ‘ದೆಬೇರ್’. 1975ರಲ್ಲಿ ಆ ವಿಧೇಯತೆಯ ನಿಯಮ ಹೋಯಿತು. 2005ರಲ್ಲಿ 68ನೇ ವಿಧಿಗೆ ಹೊಸ ಮಾತು ಸೇರಿತು: ಮನೆಯ ಜವಾಬ್ದಾರಿಗಳನ್ನೂ ಹಿರಿಯರು ಮಕ್ಕಳ ಆರೈಕೆಯನ್ನೂ ದಂಪತಿ ಹಂಚಿಕೊಳ್ಳಬೇಕು. ಇಲ್ಲೂ ಅದೇ ಕ್ರಿಯಾಪದ, ‘ದೆಬೆರಾನ್’ ಎಂಬ ಬಹುವಚನದಲ್ಲಿ. ಒಂದು ಕಾಲಕ್ಕೆ ಹೆಂಡತಿಯನ್ನು ತಲೆಬಾಗಿಸಿದ್ದ ಪದವೇ ಈಗ ಇಬ್ಬರಿಗೂ ಕೆಲಸ ಹಚ್ಚಿತು. ಕಾನೂನು ಬಂದ ಮಾತ್ರಕ್ಕೆ ಎಲ್ಲ ಗಂಡಂದಿರೂ ಪೊರಕೆ ಹಿಡಿದರು ಅಂತಲ್ಲ. ಆದರೆ ‘ಯಾರು’ ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಕ್ಕಿತು.

ಇನ್ನೊಂದು ಸಂಗತಿ. ಮನೆಗೆಲಸಕ್ಕೆ ಸ್ಪ್ಯಾನಿಷ್‌ನಲ್ಲಿ ‘ತರೇಆಸ್ ದೆಲ್ ಒಗಾರ್’ ಅನ್ನುತ್ತಾರೆ. ‘ತರೇಆ’ ಪದ ಅಂದಲೂಸಿನ ಅರಬ್ಬಿಯ ‘ತರೀಹಾ’ದಿಂದ ಬಂದದ್ದು. ತಲೆದಿಂಬಿನ ‘ಅಲ್ಮೊಆದಾ’, ಅಡುಗೆ ಎಣ್ಣೆಯ ‘ಅಸೇಯ್ತೆ’ ಕೂಡ ಅರಬ್ಬಿ ಮೂಲದವೇ. ಶತಮಾನಗಳ ಕಾಲ ಜೊತೆಗೆ ಬಾಳಿದವರ ಗುರುತು ಅಡುಗೆಮನೆಯಲ್ಲೂ ಹಾಸಿಗೆಯಲ್ಲೂ ಉಳಿದಿದೆ.

ಕಲಿಯುವ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ನಿಮ್ಮ ಮನೆಯ ಹತ್ತು ಕೆಲಸಗಳನ್ನು ‘ಆಯ್ ಕೆ’ ಹಾಕಿ ಬರೆಯಿರಿ. ಆಮೇಲೆ ಅವೇ ಹತ್ತನ್ನು, ಮಾಡುವವರ ಹೆಸರು ಸೇರಿಸಿ, ‘ತ್ಯೇನೆ ಕೆ’ ಹಾಕಿ ಬರೆಯಿರಿ. ಒಂದೇ ಹೆಸರು ಎಂಟು ಸಲ ಬಂದರೆ, ಊಟವಾದ ಮೇಲೆ ಮನೆಯವರನ್ನೆಲ್ಲ ಕೂರಿಸಿ ಕೇಳಿ: ‘ಆ ಕ್ಯೇನ್ ಲೆ ತೋಕಾ?’ ಇವತ್ತು ಯಾರ ಸರದಿ?