ರೋಮನ್ ಸೈನಿಕನ ಉಡುಪು

ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸನು ಜೆರೂಸಲೇಮ್ ನಗರಕ್ಕೆ ಮುತ್ತಿಗೆ ಹಾಕಿದನು. ಆ ಯುದ್ಧದ ಚರಿತ್ರೆಯನ್ನು ಬರೆದ ಜೋಸೀಫಸನು ಜೂಲಿಯಾನಸನೆಂಬ ಶತಾಧಿಪತಿಯ ಮರಣವನ್ನು ವರ್ಣಿಸಿದ್ದಾನೆ. ಈ ವೀರನು ಏಕಾಂಗಿಯಾಗಿ ಮುನ್ನುಗ್ಗಿ ಶತ್ರುಗಳನ್ನು ದೇವಾಲಯದ ಒಳಪ್ರಾಕಾರದವರೆಗೂ ಅಟ್ಟಿಕೊಂಡು ಹೋದನು. ಆದರೆ ಅಲ್ಲಿಯ ಕಲ್ಲುಹಾಸಿನ ಮೇಲೆ ಓಡುತ್ತಿರುವಾಗ ಕಾಲು ಜಾರಿ, ದೊಡ್ಡ ಸದ್ದಿನೊಡನೆ ಅಂಗಾತ ಬಿದ್ದನು. ಓಡಿಹೋಗುತ್ತಿದ್ದವರು ಹಿಂದಿರುಗಿ ಅವನನ್ನು ಸುತ್ತುವರಿದು ಕೊಂದರು. ಅವನನ್ನು ಕೆಡವಿದುದು ಶತ್ರುವಿನ ಆಯುಧವಲ್ಲ, ಅವನ ಪಾದರಕ್ಷೆ!

ರೋಮನ್ ಸೈನಿಕರ ಪಾದರಕ್ಷೆಗೆ 'ಕ್ಯಾಲಿಗ' ಎಂದು ಹೆಸರು. ಅದರ ದಪ್ಪ ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆಗಳನ್ನು ಸಾಲಾಗಿ ಬಡಿದಿರುತ್ತಿದ್ದರು. ದೇಹದ ಭಾರವೆಲ್ಲ ಮೊಳೆಗಳ ಕಿರಿದಾದ ತಲೆಗಳ ಮೇಲೆ ಬೀಳುವುದರಿಂದ ಒತ್ತಡವು ಹೆಚ್ಚುತ್ತದೆ. ಮೊಳೆಗಳು ನೆಲದಲ್ಲಿ ನಾಟಿ ಕಾಲಿಗೆ ಆಸರೆ ಕೊಡುತ್ತವೆ. ಅಟ್ಟೆಯೂ ಬೇಗ ಸವೆಯುವುದಿಲ್ಲ. ಆದರೆ ನಯವಾದ ಕಲ್ಲಿನಲ್ಲಿ ಮೊಳೆ ನಾಟುವುದೆಂತು? ಅಲ್ಲಿ ಉಳಿಯುವುದು ಕಬ್ಬಿಣಕ್ಕೂ ಕಲ್ಲಿಗೂ ನಡುವಣ ಅಲ್ಪ ಘರ್ಷಣೆ ಮಾತ್ರ. ಮಣ್ಣಿನ ಮೇಲೆ ಕಾಪಾಡಿದ ಮೊಳೆಯೇ ಕಲ್ಲಿನ ಮೇಲೆ ಕೊಂದಿತು.

ಕವಚದ ವಿಷಯವೂ ಹೀಗೆಯೇ. ಸಾವಿರಾರು ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಹೆಣೆದ ಅಂಗಿಯು ಕತ್ತಿಯ ಅಲಗನ್ನು ತಡೆಯುತ್ತಿತ್ತು. ಆದರೆ ಅದರ ತೂಕ ಸುಮಾರು 10 ಕಿಲೋಗ್ರಾಂ. ಅದೆಲ್ಲವೂ ಹೆಗಲಿನಿಂದ ಜೋಲುತ್ತಿತ್ತು. ನಡುವಿಗೆ ಪಟ್ಟಿಯನ್ನು ಬಿಗಿದರೆ ಭಾರದ ಒಂದು ಭಾಗವು ಸೊಂಟಕ್ಕೆ ವರ್ಗವಾಗುತ್ತದೆ. ಇದಲ್ಲದೆ, ಬಳೆಗಳ ಅಂಗಿಯು ಬಟ್ಟೆಯಂತೆ ಬಾಗುವುದರಿಂದ ಹೊಡೆತದ ಬಲವು ದೇಹಕ್ಕೆ ತಾಗದೆ ಇರುವುದಿಲ್ಲ.

ಕಬ್ಬಿಣದ ಪಟ್ಟಿಗಳ ಕವಚದಲ್ಲಿ ಈ ದೋಷ ಕಡಿಮೆ. ಗಡುಸಾದ ಪಟ್ಟಿಯು ಹೊಡೆತವನ್ನು ವಿಶಾಲವಾದ ಜಾಗಕ್ಕೆ ಹಂಚುತ್ತದೆ. ಪಟ್ಟಿಗಳನ್ನು ಒಳಗಡೆ ಚರ್ಮದ ಬಾರುಗಳಿಂದ ಜೋಡಿಸಿದ್ದುದರಿಂದ ಅವು ಒಂದರ ಮೇಲೊಂದು ಸರಿದು, ಸೈನಿಕನು ಬಾಗಲು ಎಡೆಗೊಡುತ್ತಿದ್ದವು. ಚರ್ಮವು ಮಣ್ಣಿನಲ್ಲಿ ಕೊಳೆತುಹೋಗುವುದರಿಂದ ಈ ರಚನೆ ಬಹುಕಾಲ ಒಗಟಾಗಿತ್ತು. 1964ರಲ್ಲಿ ಉತ್ತರ ಇಂಗ್ಲೆಂಡಿನ ಕಾರ್ಬ್ರಿಜ್‌ನಲ್ಲಿ, ಹೂತಿದ್ದ ಮರದ ಪೆಟ್ಟಿಗೆಯೊಂದರಲ್ಲಿ ಇಂತಹ ಕವಚದ ಭಾಗಗಳು ದೊರೆತ ಮೇಲೆ ಅದು ಸ್ಪಷ್ಟವಾಯಿತು. ಅವುಗಳಲ್ಲಿ ಹಲವು ಕಡೆ ದುರಸ್ತಿಯ ಗುರುತುಗಳಿವೆ. ಕೀಲು, ಕೊಂಡಿಗಳು ಹೆಚ್ಚಿದಷ್ಟೂ ಮುರಿಯುವ ಸ್ಥಾನಗಳೂ ಹೆಚ್ಚುವುವಲ್ಲವೆ? ಕಾಲಕ್ರಮದಲ್ಲಿ ಪಟ್ಟಿಕವಚವು ಮರೆಯಾಯಿತು. ಅದಕ್ಕಿಂತ ಹಳೆಯದಾದ ಬಳೆಗಳ ಅಂಗಿಯು ಉಳಿದುಕೊಂಡಿತು.

ಕವಚದ ಅಡಿಯಲ್ಲಿ ಸೈನಿಕನು ಸಾಮಾನ್ಯವಾಗಿ ತೊಡುತ್ತಿದ್ದುದು ಉಣ್ಣೆಯ ನಿಲುವಂಗಿ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ಶಾಖದ ಅವಾಹಕವಾದುದರಿಂದ ಮೈ ಬೆಚ್ಚಗಿರುತ್ತದೆ. ಆದರೂ ಮೆಡಿಟರೇನಿಯನ್ ತೀರದ ಉಡುಪು ಬ್ರಿಟನ್ನಿನ ಚಳಿಗೆ ಸಾಲದಾಯಿತು. ಅಲ್ಲಿಯ ವಿಂಡೊಲಾಂಡ ಕೋಟೆಯಲ್ಲಿ ದೊರೆತ, ತೆಳುವಾದ ಮರದ ಹಲಗೆಯ ಮೇಲೆ ಶಾಯಿಯಿಂದ ಬರೆದ ಓಲೆಯೊಂದು ಇದಕ್ಕೆ ಸಾಕ್ಷಿ. ಕಾಲುಚೀಲಗಳನ್ನೂ, ಎರಡು ಜೊತೆ ಪಾದರಕ್ಷೆಗಳನ್ನೂ, ಎರಡು ಒಳಚಡ್ಡಿಗಳನ್ನೂ ಕಳುಹಿಸಿದ ವಿಷಯ ಅದರಲ್ಲಿದೆ. ಜಗತ್ತನ್ನು ನಡುಗಿಸಿದ ಸೇನೆಯ ನೆಲೆಯಲ್ಲಿಯೂ ಪಾದಗಳು ಚಳಿಗೆ ನಡುಗುತ್ತಿದ್ದವು!

ಪ್ರತಿಯೊಂದು ರಕ್ಷಣೆಗೂ ಒಂದು ಬೆಲೆಯಿದೆ. ಭಾರ, ಒತ್ತಡ, ಘರ್ಷಣೆ, ಶಾಖ ಇವುಗಳ ನಿಯಮಗಳು ಯಾವ ಸಾಮ್ರಾಜ್ಯಕ್ಕೂ ರಿಯಾಯಿತಿ ತೋರುವುದಿಲ್ಲ. ಜೂಲಿಯಾನಸನು ಆ ಬೆಲೆಯನ್ನು ತನ್ನ ಪ್ರಾಣದಿಂದಲೇ ತೆತ್ತನು.