ಕಿಸೆಯ ಪುಸ್ತಕ, ಮೇಜಿನ ಪುಸ್ತಕ

ನಮ್ಮ ಮನೆಯಲ್ಲಿ ಇತ್ತೀಚಿನವರೆಗೆ ‘ಸಿಂಕ್’ ಎಂದರೆ ಪಾತ್ರೆ ತೊಳೆಯುವ ತೊಟ್ಟಿ ಎಂದಷ್ಟೇ ಅರ್ಥವಿತ್ತು. ಮೊಮ್ಮಗಳು ಒಂದು ಸಂಜೆ “ತಾತ, ನಿಮ್ಮ ಫೋನನ್ನೂ ಕಂಪ್ಯೂಟರನ್ನೂ ಸಿಂಕ್ ಮಾಡಿಕೊಡುತ್ತೇನೆ” ಎಂದಾಗ ನನ್ನ ಹೆಂಡತಿ ಗಾಬರಿಯಿಂದ ಅಡಿಗೆಮನೆಯಿಂದ ಇಣುಕಿ ನೋಡಿದಳು. ಈ ಸಿಂಕ್ ಬೇರೆ. ಸಿಂಕ್ರೊನೈಸ್ ಎಂಬ ಉದ್ದ ಮಾತಿನ ತುಂಡು ಇದು. ಗ್ರೀಕ್ ಭಾಷೆಯಲ್ಲಿ ‘ಸಿನ್’ ಎಂದರೆ ಒಡನೆ, ‘ಕ್ರೋನೋಸ್’ ಎಂದರೆ ಕಾಲ. ಎರಡು ಕಡೆ ಇರುವ ಬರಹ ಯಾವಾಗಲೂ ಒಂದೇ ಆಗಿರುವಂತೆ ನೋಡಿಕೊಳ್ಳುವ ಏರ್ಪಾಡು. ನಮ್ಮ ವ್ಯಾಪಾರಿಗಳ ಮಾತಿನಲ್ಲಿ ಹೇಳುವುದಾದರೆ, ತಾಳೆ ನೋಡುವುದು. ಇದರಿಂದ ನನಗಾದ ಅನುಕೂಲವನ್ನೂ, ಒಮ್ಮೆ ಆದ ನಷ್ಟವನ್ನೂ ಕುರಿತು ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಷ್ಟದ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಸಿಂಕ್ ಆದ ಕೆಲವು ದಿನಗಳ ಮೇಲೆ ಕಂಪ್ಯೂಟರಿನ ಪರದೆಯಲ್ಲಿ ನನ್ನ ಪರಿಚಿತರ ಪಟ್ಟಿಯನ್ನು ತೆರೆದು ಕುಳಿತೆ. ನಿವೃತ್ತ ಮೇಷ್ಟರಿಗೆ ಪಟ್ಟಿ ಕಂಡರೆ ತಿದ್ದುವ ಚಪಲ. ಮೂಲ ಫೋನಿನಲ್ಲಿ ಭದ್ರವಾಗಿದೆ, ಇದು ಅದರ ನಕಲು ತಾನೆ ಎಂದು ಭಾವಿಸಿ, ಬೇಡವೆನಿಸಿದ ಹೆಸರುಗಳನ್ನು ಒಂದೊಂದಾಗಿ ಅಳಿಸುತ್ತ ಹೋದೆ. ತೀರಿಕೊಂಡವರ ಹೆಸರುಗಳೂ ಹೋದುವು. ಅವರಲ್ಲಿ ನನ್ನ ನಲವತ್ತು ವರ್ಷಗಳ ಗೆಳೆಯರೊಬ್ಬರಿದ್ದರು. ಅವರ ಫೋನನ್ನು ಈಗ ಶಿವಮೊಗ್ಗದಲ್ಲಿ ಅವರ ಪತ್ನಿ ಇಟ್ಟುಕೊಂಡಿದ್ದಾರೆ ಎಂಬುದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಮೂರು ವಾರ ಕಳೆದ ಮೇಲೆ ಆಕೆಗೆ ಮೈಯಲ್ಲಿ ಸ್ವಸ್ಥವಿಲ್ಲವೆಂಬ ಸುದ್ದಿ ಕಿವಿಗೆ ಬಿದ್ದಿತು. ಫೋನನ್ನು ಕೈಗೆತ್ತಿಕೊಂಡೆ. ಹೆಸರಿಲ್ಲ. ಹಳೆಯ ಡೈರಿಯಲ್ಲಿ ಇದ್ದದ್ದು ಎಂದೋ ಕಿತ್ತುಹಾಕಿಸಿದ ಮನೆಯ ಫೋನಿನ ಸಂಖ್ಯೆ.

“ತಾತ, ನೀವು ಅಳಿಸಿದ್ದು ನಕಲನ್ನಲ್ಲ” ಎಂದಳು ಮೊಮ್ಮಗಳು. ಅವಳ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು.

ಹಿಂದಿನ ಅಂಗಡಿಗಳಲ್ಲಿ ಕಿರ್ದಿ ಮತ್ತು ಖಾತೆ ಎಂಬ ಎರಡು ಪುಸ್ತಕಗಳಿರುತ್ತಿದ್ದುದನ್ನು ತಮ್ಮಲ್ಲಿ ಹಿರಿಯರು ಬಲ್ಲರು. ದೀಪ ಹಚ್ಚಿದ ಮೇಲೆ ಗುಮಾಸ್ತ ಎರಡನ್ನೂ ಮುಂದಿಟ್ಟುಕೊಂಡು ತಾಳೆ ನೋಡುತ್ತಿದ್ದ. ಕೈಯಲ್ಲಿ ಹಿಡಿಯುವ ಯಂತ್ರಗಳಿಗೂ ಕಂಪ್ಯೂಟರಿಗೂ ಮೊದಮೊದಲು ಇದೇ ಬಗೆಯ ಸಂಬಂಧವಿತ್ತು. 1996ರಲ್ಲಿ ಅಮೆರಿಕದಲ್ಲಿ ಬಂದ ಪಾಮ್ ಪೈಲಟ್ ಎಂಬ ಪುಟ್ಟ ಯಂತ್ರವನ್ನು ಒಂದು ಪೀಠದಲ್ಲಿ ಕೂರಿಸುತ್ತಿದ್ದರು. ಆ ಪೀಠಕ್ಕೆ ಅವರು ಇಟ್ಟ ಹೆಸರು ತೊಟ್ಟಿಲು! ತೊಟ್ಟಿಲಿನ ಗುಂಡಿಯನ್ನು ಒತ್ತಿದರೆ ತಂತಿಯ ಮೂಲಕ ಎರಡೂ ಕಡೆಯ ವಿಳಾಸ, ದಿನಚರಿಗಳು ತಾಳೆಯಾಗುತ್ತಿದ್ದುವು. ಕೆಲಸ ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಈಗಿನ ಸ್ಮಾರ್ಟ್‌ಫೋನಿನಲ್ಲಿ ಗುಂಡಿಯಿಲ್ಲ, ತಂತಿಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಪುಸ್ತಕಗಳು ಎರಡಲ್ಲ, ಮೂರು. ಕಿಸೆಯದೊಂದು, ಮೇಜಿನದೊಂದು, ಮೂರನೆಯದು ನಮ್ಮ ಕಣ್ಣಿಗೆ ಬೀಳದೆ ಗೂಗಲ್, ಆಪಲ್, ಮೈಕ್ರೊಸಾಫ್ಟ್ ಮೊದಲಾದವರ ದೂರದ ಗಣಕದಲ್ಲಿ ನಮ್ಮ ಖಾತೆಯ ಹೆಸರಿನಲ್ಲಿ ಇರುತ್ತದೆ. ಫೋನು ಮತ್ತು ಕಂಪ್ಯೂಟರು ಸಾಮಾನ್ಯವಾಗಿ ಒಂದರೊಡನೊಂದು ಮಾತನಾಡುವುದಿಲ್ಲ. ಎರಡೂ ಆ ಮೂರನೆಯದರ ಬಳಿಗೆ ಹೋಗಿ ಬರುತ್ತವೆ. ಹೀಗೆ ಹೋಗಿ ಬರುವಾಗ ಆಡಬೇಕಾದ ಭಾಷೆಗೂ ಒಪ್ಪಂದಗಳಿವೆ: ದಿನಚರಿಗೆ 2007ರಲ್ಲಿ ಕ್ಯಾಲ್‌ಡ್ಯಾವ್, ವಿಳಾಸಗಳಿಗೆ 2011ರಲ್ಲಿ ಕಾರ್ಡ್‌ಡ್ಯಾವ್ ಎಂಬ ನಿಯಮಗಳು ಪ್ರಕಟವಾದುವು.

ಪ್ರತಿಯೊಂದು ಹೆಸರಿಗೂ ನಮಗೆ ತೋರದ ಒಂದು ಗುರುತಿನ ಸಂಖ್ಯೆ ಅಂಟಿಕೊಂಡಿರುತ್ತದೆ. ಫೋನು ಹೋಗಿ, “ನಾನು ಕಳೆದ ಸಲ ಬಂದುಹೋದ ಮೇಲೆ ಏನೇನು ಬದಲಾಗಿದೆ?” ಎಂದು ಕೇಳುತ್ತದೆ. ಬದಲಾದಷ್ಟನ್ನು ಮಾತ್ರ ತರುತ್ತದೆ, ತನ್ನಲ್ಲಿ ಬದಲಾದುದನ್ನು ಒಪ್ಪಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಫೋನಿನಲ್ಲಿರುವ ಹೆಸರೊಂದು ಅಲ್ಲಿ ಇಲ್ಲವೆಂದಿಟ್ಟುಕೊಳ್ಳಿ. ಅದು ಫೋನಿನಲ್ಲಿ ಹೊಸದಾಗಿ ಬರೆದದ್ದೋ, ಅಥವಾ ಅಲ್ಲಿ ಅಳಿಸಿದ್ದೋ? ಬರಿಯ ಗೈರುಹಾಜರಿಯಿಂದ ಇದು ತಿಳಿಯದು. ಆದ್ದರಿಂದ ಹೆಸರನ್ನು ಅಳಿಸಿದಾಗ, ಇಂಥದು ಇಲ್ಲಿತ್ತು, ಈಗಿಲ್ಲ ಎಂಬ ಗುರುತನ್ನು ಗಣಕ ಉಳಿಸಿಕೊಳ್ಳುತ್ತದೆ. ಈ ಗುರುತಿಗೆ ಬಲ್ಲವರು ಗೋರಿಕಲ್ಲು ಎನ್ನುತ್ತಾರೆ. ಫೋನು ಬಂದು ಗೋರಿಕಲ್ಲನ್ನು ಓದಿಕೊಂಡು ಹೋಗಿ ತನ್ನಲ್ಲಿರುವ ಹೆಸರನ್ನೂ ವಿಧೇಯತೆಯಿಂದ ಅಳಿಸುತ್ತದೆ. ಬರೆದದ್ದು ಹೇಗೆ ಸುದ್ದಿಯೋ ಅಳಿಸಿದ್ದೂ ಹಾಗೆಯೇ ಸುದ್ದಿ. ಹಿಂದಿನವರ ಕಡತ ನೆನಪಾಗುತ್ತದೆ: ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಸೇರಿಸಿ ಬಳಿದ ಕಪ್ಪು ಬಟ್ಟೆಯ ಮಡಿಕೆ, ಬಳಪದಲ್ಲಿ ಬರೆದು ಒರೆಸಬಹುದಾಗಿತ್ತು. ಆದರೆ ಒಂದು ಕಡತವನ್ನು ಒರೆಸಿದರೆ ಪಕ್ಕದೂರಿನ ಕಡತ ತಾನಾಗಿ ಒರೆಸಿಹೋಗುತ್ತಿರಲಿಲ್ಲ.

ಒಬ್ಬರ ಹೆಸರೇ ಮೂರು ಸಲ ಕಾಣುವುದೇಕೆ? ಒಂದೇ ಸಂಖ್ಯೆಯನ್ನು ಒಮ್ಮೆ ಹಾಗೆಯೇ, ಒಮ್ಮೆ ಹಿಂದೆ ಸೊನ್ನೆ ಹಚ್ಚಿ, ಒಮ್ಮೆ +91 ಸೇರಿಸಿ ಬರೆದಿರುತ್ತೇವೆ. ಬೇರೆ ಬೇರೆ ಪಟ್ಟಿಗಳು ಮೊದಲ ಸಲ ಕೂಡುವಾಗ ಅವುಗಳ ನಡುವೆ ಸಮಾನ ಗುರುತಿಲ್ಲದ್ದರಿಂದ ಇವರು ಮೂವರು ಎಂದೇ ಎಣಿಕೆಯಾಗುತ್ತದೆ. ಇವನ್ನು ಅಳಿಸದೆ ಒಂದಾಗಿ ಬೆಸೆಯುವ ಅನುಕೂಲ ಪಟ್ಟಿಯಲ್ಲೇ ಉಂಟು. ನನಗದು ತಡವಾಗಿ ತಿಳಿಯಿತು. ಸಿಮ್ ಕಾರ್ಡಿನಲ್ಲಿ ಬರೆದಿಟ್ಟ ಹೆಸರುಗಳು ಮಾತ್ರ ಈ ತಾಳೆಗೆ ಒಳಪಡುವುದಿಲ್ಲ. ಅಲ್ಲಿ ಸಾಮಾನ್ಯವಾಗಿ 250ರಷ್ಟು ಹೆಸರುಗಳಿಗೆ ಜಾಗ, ಅದೂ ಹೆಸರು ಮತ್ತು ಸಂಖ್ಯೆಗೆ ಮಾತ್ರ. ಅವನ್ನು ಖಾತೆಗೆ ಎತ್ತಿಕೊಳ್ಳುವುದು ಒಳ್ಳೆಯದು.

ದಿನಚರಿಯ ವಿಷಯ ಇನ್ನೂ ರುಚಿಕರವಾದುದು. ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಭಾನುವಾರ ನಮ್ಮ ರಾತ್ರಿ 8 ಗಂಟೆಗೆ ಮಾತನಾಡುವುದೆಂದು ಗೊತ್ತುಮಾಡಿಕೊಂಡೆವು. ಬೇಸಗೆಯಲ್ಲಿ ಅವನಿಗದು ಬೆಳಗಿನ 10-30. ನವೆಂಬರಿನ ಮೊದಲ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ವಾರ ನನ್ನ ಫೋನು 8 ಗಂಟೆಗೆ ಸುಮ್ಮನಿದ್ದು 9 ಗಂಟೆಗೆ ಎಚ್ಚರಿಸಿತು. ಕೆಟ್ಟಿದೆಯೆಂದು ಬೈದುಕೊಂಡೆ. ಕೆಟ್ಟಿರಲಿಲ್ಲ. ಬರೆದವನು ಅವನು, ಅವನ ಬರಹ ನ್ಯೂಯಾರ್ಕಿನ ಗಡಿಯಾರಕ್ಕೆ ಕಟ್ಟುಬಿದ್ದಿತ್ತು. ನಾನು ಬರೆದಿದ್ದರೆ ನಮ್ಮ ಗಡಿಯಾರಕ್ಕೆ ಕಟ್ಟುಬಿದ್ದು, ಅಲ್ಲಿ 9-30 ಆಗುತ್ತಿತ್ತು. ಪ್ರತಿಯೊಂದು ವೇಳೆಯೂ ಯಾವ ಊರಿನದೆಂಬ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡೇ ಯಂತ್ರದಿಂದ ಯಂತ್ರಕ್ಕೆ ಪ್ರಯಾಣ ಮಾಡುತ್ತದೆ.

ಯಂತ್ರಕ್ಕೆ ಎಟುಕದುದು ನಮ್ಮ ತಿಥಿ. ನನ್ನ ತಂದೆಯವರ ಶ್ರಾದ್ಧ ಪುಷ್ಯ ಬಹುಳ ಪಂಚಮಿ. ‘ಪ್ರತಿವರ್ಷ’ ಎಂದು ಗುರುತು ಹಾಕಿದೆ. ಮರುವರ್ಷ ಅದೇ ಇಂಗ್ಲಿಷ್ ತಾರೀಕಿಗೆ ಫೋನು, ಕಂಪ್ಯೂಟರುಗಳೆರಡೂ ಒಕ್ಕೊರಲಿನಿಂದ ತಪ್ಪು ಹೇಳಿದುವು. ಚಾಂದ್ರಮಾನ ವರ್ಷ ಸುಮಾರು 354 ದಿನಗಳದು. ತಿಥಿ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದರೆ ಮುಂದಕ್ಕೆ ಜಿಗಿಯುತ್ತದೆ. ಎರಡು ಪುಸ್ತಕಗಳು ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದು ಹೇಳಲಾಗದಷ್ಟೆ. ಈಗ ಯುಗಾದಿಗೆ ಹೊಸ ಪಂಚಾಂಗ ತಂದ ದಿನವೇ ಆ ವರ್ಷದ ತಾರೀಕುಗಳನ್ನು ಕೈಯಾರೆ ಬರೆದುಬಿಡುತ್ತೇನೆ.

ಗೆಳೆಯರ ಪತ್ನಿಯ ವಿಷಯಕ್ಕೆ ಬರುತ್ತೇನೆ. ಗೂಗಲ್ ಖಾತೆಯಲ್ಲಿ ಅಳಿಸಿದ ಹೆಸರು 30 ದಿನ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ; ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಮೊಮ್ಮಗಳು ಬುಟ್ಟಿಯನ್ನು ತೆರೆದದ್ದು 26ನೆಯ ದಿನ. ಗೆಳೆಯರ ಹೆಸರು ಅಲ್ಲಿತ್ತು. ಕಂಪ್ಯೂಟರಿನಲ್ಲಿ ಅದನ್ನು ಮೇಲೆತ್ತಿದಳು. ನನ್ನ ಅಂಗೈಯಲ್ಲಿದ್ದ ಫೋನಿನಲ್ಲಿ ಸ್ವಲ್ಪ ಹೊತ್ತಿಗೆ ಆ ಹೆಸರು ಮತ್ತೆ ಮೂಡಿತು. ಕೂಡಲೆ ಕರೆ ಮಾಡಿದೆ. ಆಕೆ ಜ್ವರದಿಂದ ಚೇತರಿಸಿಕೊಂಡಿದ್ದರು. “ನಿಮ್ಮ ಫೋನು ಬರಲಿಲ್ಲವಲ್ಲ, ನಿಮಗೇ ಆರೋಗ್ಯ ಸರಿಯಿಲ್ಲವೇನೋ ಅಂದುಕೊಂಡಿದ್ದೆ” ಎಂದರು. ನನಗೆ ನಾಚಿಕೆಯಾಯಿತು, ಕಾರಣ ಹೇಳಲಿಲ್ಲ.

ಈಗ ತಿಂಗಳಿಗೊಮ್ಮೆ ಇಡೀ ಪಟ್ಟಿಯನ್ನು ಒಂದು ವಿಸಿಎಫ್ ಕಡತವಾಗಿ ಇಳಿಸಿ, ತಾರೀಕು ಬರೆದು, ಯಾವ ಖಾತೆಗೂ ಸೇರದ ಒಂದು ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಅದು ಯಾರೊಡನೆಯೂ ತಾಳೆ ನೋಡುವುದಿಲ್ಲ. ಅದರ ಗುಣವೇ ಅದು. ಗೆಳೆಯರ ಹೆಸರನ್ನು ಬದಲಾಯಿಸಿ ಪತ್ನಿಯ ಹೆಸರು ಹಾಕೋಣವೇ ಎಂದು ಮೊಮ್ಮಗಳು ಕೇಳಿದಳು. ಬೇಡವೆಂದೆ. ಆ ಹೆಸರಿನ ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಆಕೆಯ ಹೆಸರನ್ನು ಸೇರಿಸಿದ್ದೇನೆ.