ಹತ್ತರಿ ಹೊಡೆಯುವ ಲೆಕ್ಕ

ಹಲವಾಗಲು ಹಳ್ಳಿಯ ಮನೆಯೊಂದಕ್ಕೆ ಬಾಗಿಲು ಕೂರಿಸುವಾಗ ತೇಗದ ಹಲಗೆ ಅರ್ಧ ಇಂಚು ಅಗಲ ಹೆಚ್ಚಾಯಿತು ಎನ್ನಿ. ಕೊಯ್ಯಿಸಲು ಅದನ್ನು ಹೊತ್ತು ಹರಪನಹಳ್ಳಿಯ ಬಸ್ಸು ಹತ್ತಬೇಕಿಲ್ಲ. ಬಡಗಿಯ ಬಳಿ ಒಂದು ಗರಗಸ, ಮರ ಕೀಸುವ ಒಂದು ಹತ್ತರಿ ಇದ್ದರೆ ಅಲ್ಲೇ ಮುಗಿಯುವ ಕೆಲಸ.

ಮರದ ನಾರುಗಳು ಕಾಂಡದ ಉದ್ದಕ್ಕೂ ಹುಲ್ಲಿನ ಕಂತೆಯಂತೆ ಒತ್ತಾಗಿ ನಿಂತಿರುತ್ತವೆ. ಅಗಲ ಇಳಿಸುವುದೆಂದರೆ ಇವುಗಳ ಗುಂಟ ಸೀಳುವುದು. ಅದಕ್ಕಾಗಿ ಸೀಳುಗರಗಸದ ಹಲ್ಲಿನ ತುದಿ ಉಳಿಯ ಹಾಗೆ ಚಪ್ಪಟೆ. ಅಡ್ಡ ಕೊಯ್ಯುವ ಗರಗಸದ್ದು ಚೂರಿಯ ಹಾಗೆ ಮೊನಚು. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ತುಸು ಬಾಗಿಸಿರುವುದರಿಂದ ಸೀಳು ತಗಡಿಗಿಂತ ಅಗಲವಾಗಿ, ಗರಗಸ ಸಿಕ್ಕಿಕೊಳ್ಳುವುದಿಲ್ಲ. ಗುರುತು ಹಾಕಿದ ಗೀಟಿನ ಮೇಲೇ ಕೊಯ್ಯದೆ ಕೂದಲಷ್ಟು ಹೊರಗೆ ಕೊಯ್ದು, ಉಳಿದದ್ದನ್ನು ಹತ್ತರಿಗೆ ಬಿಡಬೇಕು.

ನಿಜವಾದ ಜಾಣ್ಮೆ ಇರುವುದು ಈ ಹತ್ತರಿಯಲ್ಲಿ. ಸಾಮಾನ್ಯವಾಗಿ ಇದರ ಅಲಗು 45 ಡಿಗ್ರಿ ಓರೆಯಾಗಿ ಕೂತಿರುತ್ತದೆ. ಅಲಗು ನಾರನ್ನು ಎತ್ತಿದಾಗ ಬಿರುಕು ಮುಂದಕ್ಕೆ ಓಡಲು ನೋಡುತ್ತದೆ. ಆದರೆ ಅಲಗು ಹೊರಚಾಚುವ ಬಾಯಿಯ ಮುಂದಿನ ಅಂಚು ಅಲ್ಲೇ ಮರವನ್ನು ಒತ್ತಿ ಹಿಡಿದಿರುತ್ತದೆ. ಅಲಗಿನ ಮೇಲೆ ಇನ್ನೊಂದು ತಗಡಿದ್ದರೆ ಅದು ಎದ್ದ ಸಿಪ್ಪೆಯನ್ನು ತಕ್ಷಣ ಮಡಿಸಿಬಿಡುತ್ತದೆ. ಬಿರುಕಿಗೆ ಓಡಲು ದಾರಿಯೇ ಇರುವುದಿಲ್ಲ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೆಯಲ್ಲಿಯೂ ಹತ್ತರಿ ಸಿಕ್ಕಿದೆ. ಅದರಲ್ಲೂ ಅಲಗು ಓರೆಯಾಗಿಯೇ ಕೂರುತ್ತಿತ್ತು.

ಹೊಡೆಯುವ ಮೊದಲು ಹಲಗೆಯ ಮೈಮೇಲಿನ ಗೆರೆಗಳನ್ನು ನೋಡಬೇಕು. ಹತ್ತರಿ ಸಾಗುವ ದಿಕ್ಕಿಗೆ ಅವು ಅಂಚಿನತ್ತ ಏರುತ್ತಿದ್ದರೆ ಸರಿ. ಇಳಿಯುತ್ತಿದ್ದರೆ ಅಲಗು ಒಳಕ್ಕೆ ನುಗ್ಗಿ ಚಕ್ಕೆ ಕೀಳುತ್ತದೆ. ಆಗ ಹಲಗೆಯನ್ನೇ ತಿರುಗಿಸಬೇಕು. ಶುರುವಿನಲ್ಲಿ ಭಾರ ಮುಂದಿನ ಕೈ ಮೇಲೆ, ಕೊನೆಯಲ್ಲಿ ಹಿಂದಿನ ಕೈ ಮೇಲೆ. ಇಲ್ಲದಿದ್ದರೆ ಎರಡು ತುದಿಯೂ ಸವೆದು ನಡುವೆ ಉಬ್ಬು ನಿಲ್ಲುತ್ತದೆ. ಅಂಚು ನೇರವಾದಾಗ ಸುರುಳಿ ಈ ತುದಿಯಿಂದ ಆ ತುದಿಯವರೆಗೆ ತುಂಡಾಗದೆ ಬರುತ್ತದೆ. ಆ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡುವುದು ನನಗೆ ಇಂದಿಗೂ ಖುಷಿ.

ಎಷ್ಟು ಕೀಸಬೇಕು ಎಂಬುದನ್ನು ಹವೆಯೂ ಹೇಳುತ್ತದೆ. ಹಸಿ ತೇಗ ಪೂರ್ತಿ ಒಣಗುವಷ್ಟರಲ್ಲಿ ವರ್ಷವಲಯಗಳ ಗುಂಟ ಶೇ 5.8ರಷ್ಟು, ಅವುಗಳಿಗೆ ಅಡ್ಡಲಾಗಿ ಶೇ 2.5ರಷ್ಟು ಕುಗ್ಗುತ್ತದೆ. ಉದ್ದದಲ್ಲಿ ಲೆಕ್ಕಕ್ಕೆ ಸಿಗದಷ್ಟು. ಒಣಗಿದ ಮರವೂ ಹವೆಯ ತೇವಕ್ಕೆ ತಕ್ಕಂತೆ ಅಗಲದಲ್ಲಿ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬಿಗಿಯಾದ ಬಾಗಿಲಿಗೆ ಧಾರಾಳವಾಗಿ ಹತ್ತರಿ ಹೊಡೆದರೆ ಬೇಸಿಗೆಯಲ್ಲಿ ಚೌಕಟ್ಟಿನ ಸಂದಿಯಿಂದ ಧೂಳು ಒಳಗೆ ಬರುತ್ತದೆ. ಉಜ್ಜುವ ಜಾಗಕ್ಕೆ ಸೀಮೆಸುಣ್ಣ ಸವರಿ, ಅದು ಅಳಿಸಿದಲ್ಲಿ ಮಾತ್ರ ಎರಡು ಸುರುಳಿ ತೆಗೆದು ನಿಲ್ಲಿಸಿ.